ಮೂಸೀ ತೀರದ ಮಹಲು



ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರದಲ್ಲಿ, ಗುಡ್ಡದ ನೆತ್ತಿಯ ಮೇಲೆ ಒಂದು ಬಂಗಲೆಯಿದೆ. ಕಟ್ಟಿಸಿದವನು ಮೆಡೋಸ್ ಟೇಲರ್. ಜನರು ಅದನ್ನು ಟೇಲರ್ ಮಂಜಿಲ್ ಎಂದೇ ಕರೆಯುವರು. ಆದರೆ ಆ ಬಂಗಲೆಗೆ ಅಪ್ಪಣೆಗಳು ಬರುತ್ತಿದ್ದುದು ದೂರದ ಹೈದರಾಬಾದಿನಿಂದ, ಮೂಸೀ ನದಿಯ ಉತ್ತರದ ದಡದಲ್ಲಿದ್ದ ಬ್ರಿಟಿಷ್ ರೆಸಿಡೆನ್ಸಿಯಿಂದ. ಆ ಮಹಲೇ ಈಗ ಒಂದು ಮಹಿಳಾ ವಿಶ್ವವಿದ್ಯಾಲಯದ ನೆಲೆಯಾಗಿದೆ. ಅದರ ಕಥೆಯನ್ನು ತಮ್ಮ ಮುಂದಿಡುವುದು ನನ್ನ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಕಟ್ಟಿಸಿದವನು ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್, ನಕ್ಷೆ ಮದರಾಸಿನ ಸೈನ್ಯದ ಇಂಜಿನಿಯರ್ ಸ್ಯಾಮ್ಯುಯಲ್ ರಸೆಲ್‌ನದು, ಹಣ ನಿಜಾಮನದು. ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಬರೆದು ತೋರಿಸಿದಾಗ ನಿಜಾಮನು ಒಪ್ಪಲಿಲ್ಲವೆಂದೂ, ಅದನ್ನೇ ಸಣ್ಣ ಚೀಟಿಯಲ್ಲಿ ಬರೆದೊಪ್ಪಿಸಿದಾಗ ಸಂತೋಷದಿಂದ ಅನುಮತಿಯಿತ್ತನೆಂದೂ ಒಂದು ಕಥೆಯುಂಟು.

ಮುಖಮಂಟಪದಲ್ಲಿ ಕೊರಿಂಥಿಯನ್ ರೀತಿಯ ಆರು ಭಾರಿ ಕಂಬಗಳು. ಮೆಟ್ಟಿಲುಗಳ ಇಕ್ಕೆಲದಲ್ಲಿ ಸಿಂಹಗಳು. ಒಳಗೆ ಎರಡಂತಸ್ತಿನೆತ್ತರದ ದರ್ಬಾರು ಹಜಾರ. ಅಮೆರಿಕದ ಶ್ವೇತಭವನದ ಚಿತ್ರವನ್ನು ಕಂಡವರಿಗೆ ಅದು ಇದರ ದಾಯಾದಿಯೆಂದು ತೋರದಿರದು. ಎರಡರ ಮೂಲವೂ ಇಟಲಿಯ ಶಿಲ್ಪಿ ಪಲ್ಲಾಡಿಯೋನ ಪದ್ಧತಿಯೇ. ಆದರೆ ಆ ಪದ್ಧತಿ ಇಲ್ಲಿ ಇಟ್ಟಿಗೆ ಮತ್ತು ನಯವಾಗಿ ತಿಕ್ಕಿದ ಸುಣ್ಣದ ಗಾರೆಯಲ್ಲಿ ಮೈದಾಳಿತು. ರೂಪ ಯೂರೋಪಿನದು, ಕೈ ದಕ್ಖನ್ನಿನದು. ಇನ್ನೊಂದು ಮಾತು ಗಮನಾರ್ಹ: ಮುಖಮಂಟಪವು ಉತ್ತರಕ್ಕಿದೆ, ನದಿಯೂ ಆಚೆಯ ದಡದ ನಿಜಾಮನ ನಗರವೂ ಅದರ ಬೆನ್ನಿಗಿವೆ.

೧೮೫೭ರ ಜುಲೈನಲ್ಲಿ ತುರ್ರೇಬಾಜ್ ಖಾನನೂ ಮೌಲ್ವಿ ಅಲ್ಲಾವುದ್ದೀನನೂ ಜನರನ್ನು ಕೂಡಿಸಿ ಈ ಮಹಲಿನ ಮೇಲೆ ಏರಿಹೋದರು. ಮರುವರ್ಷ ಸುರಪುರದ ಸರದಿ ಬಂತು. ಬಾಲ್ಯದಲ್ಲಿ ಟೇಲರನ ಆರೈಕೆಯಲ್ಲಿ ಬೆಳೆದ ರಾಜಾ ವೆಂಕಟಪ್ಪ ನಾಯಕರು ಬಂಡೆದ್ದು, ಸೋತು, ಹೈದರಾಬಾದಿಗೆ ಬಂದಾಗ ಸೆರೆಸಿಕ್ಕಿದರು. ದಿವಾನ ಸಾಲಾರ್ ಜಂಗನು ಅವರನ್ನು ರೆಸಿಡೆಂಟನಿಗೆ ಒಪ್ಪಿಸಿದನು. ಮರಣದಂಡನೆ ಕಡಮೆಯಾಯಿತು, ಆದರೂ ಸೆರೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಅವರು ಮೃತರಾದರು. ೧೮೬೦ರಲ್ಲಿ ಸುರಪುರವು ನಿಜಾಮನ ಪಾಲಾಯಿತು.

ಬ್ರಿಟಿಷರು ಹೋದ ಮೇಲೆ, ೧೯೪೯ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಇಲ್ಲಿಗೆ ಬಂತು. ಫರ್ಮಾನುಗಳು ಹೊರಡುತ್ತಿದ್ದ ಮನೆಯಲ್ಲಿ ಹೆಣ್ಣುಮಕ್ಕಳ ಪಾಠ ಆರಂಭವಾಯಿತು. ೨೦೨೨ರಲ್ಲಿ ಆ ಕಾಲೇಜೇ ವಿಶ್ವವಿದ್ಯಾಲಯವಾಯಿತು; ೨೦೨೪ರಲ್ಲಿ ಅದಕ್ಕೆ ತೆಲಂಗಾಣದ ರೈತ ಹೋರಾಟದ ವೀರಮಹಿಳೆ ಚಾಕಲಿ ಐಲಮ್ಮನ ಹೆಸರನ್ನಿಡಲಾಯಿತು. ಬಹುಕಾಲ ಮಳೆನೀರಿಗೂ ಅನಾದರಕ್ಕೂ ತುತ್ತಾಗಿದ್ದ ಮಹಲನ್ನು ವಿಶ್ವ ಸ್ಮಾರಕ ನಿಧಿಯ ನೆರವಿನಿಂದ ಜೀರ್ಣೋದ್ಧಾರ ಮಾಡಲಾಗಿದೆ.

ಪರರ ಅಧಿಕಾರದ ಗುರುತನ್ನು ಉಳಿಸುವುದೇಕೆ ಎಂದು ಕೆಲವರು ಕೇಳಬಹುದು. ಕಟ್ಟಡವನ್ನು ಕೆಡವಿದರೆ ಅವಮಾನ ಅಳಿಯದು. ಅದರ ಸಾಕ್ಷಿ ಮಾತ್ರ ಅಳಿಯುವುದು. ಕಂಪನಿಯ ದೊರೆಗಳು ಗರ್ವದಿಂದ ಏರಿದ ಮೆಟ್ಟಿಲುಗಳನ್ನು ಇಂದು ಸಾಮಾನ್ಯರ ಮನೆಯ ಹೆಣ್ಣುಮಕ್ಕಳು ಪುಸ್ತಕ ಹಿಡಿದು ಏರುವರು. ಸುರಪುರದ ಗುಡ್ಡದ ಬಂಗಲೆಯನ್ನು ನೋಡುವವರು ಈ ಮೆಟ್ಟಿಲುಗಳನ್ನೂ ಒಮ್ಮೆ ಏರಿಬರಲಿ. ನಮ್ಮ ಚರಿತ್ರೆಯ ಒಂದು ತುದಿ ಅಲ್ಲಿದ್ದರೆ, ಇನ್ನೊಂದು ತುದಿ ಇಲ್ಲಿದೆ.