ಚಾರಿತ್ರ್ಯ ಶಿಕ್ಷಣ: ಕಡ್ಡಾಯ ಮೊದಲು ಯಾರಿಗೆ?



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಅನೇಕ ಶಾಲೆಗಳ ಪರಿಚಯ ಪುಸ್ತಿಕೆಗಳಲ್ಲಿ ಇಂದು ಎರಡು ಪದಗಳು ತಪ್ಪದೆ ಕಾಣಿಸುತ್ತವೆ: ನಾಯಕತ್ವ ಮತ್ತು ಚಾರಿತ್ರ್ಯ ನಿರ್ಮಾಣ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಅವಧಿ, ಮಕ್ಕಳ ಕೈಗೆ ಬಣ್ಣದ ಅಭ್ಯಾಸ ಪುಸ್ತಕ, ಶುಲ್ಕದ ಪಟ್ಟಿಯಲ್ಲಿ ಒಂದು ಹೆಚ್ಚಿನ ಸಾಲು. ತಾಯಿತಂದೆಯರು ಆ ಸಾಲನ್ನು ಓದಿ ಹಣ ಕಟ್ಟುತ್ತಾರೆ. ಆ ಅವಧಿಯಲ್ಲಿ ಮಕ್ಕಳ ಮುಂದೆ ನಿಲ್ಲುವವರು ಯಾರು, ಅವರಿಗೆ ಈ ಕೆಲಸವನ್ನು ಕಲಿಸಿದವರು ಯಾರು ಎಂದು ಕೇಳುವವರು ವಿರಳ.

ಇಂದಿನ ಉಪನ್ಯಾಸದ ವಿಷಯ ಆ ಪ್ರಶ್ನೆಯೇ. ಶಾಲೆಯೊಂದು ಇಂತಹ ಕಾರ್ಯಕ್ರಮವನ್ನು ಮಕ್ಕಳಿಗೆ ಕಡ್ಡಾಯ ಮಾಡುವುದಾದರೆ, ಅದನ್ನು ನಡೆಸುವ ಶಿಕ್ಷಕರ ತರಬೇತಿ ಅದಕ್ಕೂ ಮೊದಲು ಕಡ್ಡಾಯವಾಗಬೇಕು. ಆ ಕಡ್ಡಾಯವು ಶಿಕ್ಷಕರನ್ನು ಕಟ್ಟುವಷ್ಟೇ ಬಿಗಿಯಾಗಿ ಆಡಳಿತ ಮಂಡಳಿಯನ್ನೂ ಕಟ್ಟಬೇಕು. ಈ ಎರಡನೆಯ ಮಾತನ್ನು ಬಿಟ್ಟರೆ ಮೊದಲನೆಯದು ಶಿಕ್ಷಕರ ತಲೆಯ ಮೇಲೆ ಇನ್ನೊಂದು ಹೊರೆಯಾಗಿ ಮಾತ್ರ ಉಳಿಯುತ್ತದೆ.

ಗಣಿತದ ಶಿಕ್ಷಕರು ಒಂದು ಲೆಕ್ಕವನ್ನು ತಪ್ಪಾಗಿ ಬಿಡಿಸಿದರೆ ಮರುದಿನ ತಿದ್ದಬಹುದು. ಚಾರಿತ್ರ್ಯದ ಅವಧಿಯಲ್ಲಿ ನಡೆಯುವುದು ಬೇರೆ. ಪ್ರಾಮಾಣಿಕತೆಯ ಬಗ್ಗೆ ಚರ್ಚೆ ನಡೆಯುವಾಗ ಹುಡುಗನೊಬ್ಬ ತನ್ನ ಮನೆಯ ಗುಟ್ಟೊಂದನ್ನು ಎಲ್ಲರೆದುರು ಹೇಳಿಬಿಡುತ್ತಾನೆ. ನಾಯಕನನ್ನು ಆರಿಸಿರೆಂದಾಗ ತರಗತಿ ತಾನು ಹೆದರುವ ಹುಡುಗನನ್ನೇ ಆರಿಸುತ್ತದೆ. ಮಾತು ಕಡಿಮೆಯ ಹುಡುಗಿಯ ಸರದಿ ವರ್ಷವಿಡೀ ಬರುವುದೇ ಇಲ್ಲ. ಆ ಕ್ಷಣದಲ್ಲಿ ಏನು ಮಾಡಬೇಕೆಂದು ಕೈಪಿಡಿಯಲ್ಲಿ ಬರೆದಿರುವುದಿಲ್ಲ. ತರಬೇತಿಯಿಲ್ಲದ ಶಿಕ್ಷಕರು ಸಹಜವಾಗಿ ಉಪದೇಶಕ್ಕೆ ಇಳಿಯುತ್ತಾರೆ, ಇಲ್ಲವೇ ತಪ್ಪಿತಸ್ಥನನ್ನು ಎಬ್ಬಿಸಿ ನಿಲ್ಲಿಸುತ್ತಾರೆ, ಅದೂ ಅಲ್ಲವಾದರೆ ಉಳಿದ ವಿಜ್ಞಾನದ ಪಾಠವನ್ನು ಆ ಅವಧಿಯಲ್ಲಿ ಮುಗಿಸುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶೀಲವನ್ನು ಕಲಿಸುವ ಹೆಸರಿನಲ್ಲಿ ಮಗುವನ್ನು ಸಹಪಾಠಿಗಳೆದುರು ನಾಚಿಸುವುದು ಆ ಗೆರೆಯನ್ನು ಎಷ್ಟು ಸುಲಭವಾಗಿ ದಾಟಬಲ್ಲದು ಎಂಬುದನ್ನು ಶಾಲೆಯೊಳಗಿರುವವರು ಬಲ್ಲರು.

ಕಲಿಸುವವನು ಮೊದಲು ಕಲಿತಿರಬೇಕೆಂಬ ಮಾತು ಜೈನ ಮನೆತನಗಳಿಗೆ ಹೊಸದಲ್ಲ. ಣಮೋಕಾರದಲ್ಲಿ ವಂದನೆ ಪಡೆಯುವ ಐವರಲ್ಲಿ ಉಪಾಧ್ಯಾಯರೂ ಒಬ್ಬರು. ಅವರಿಗೆ ಹೇಳಿರುವ 25 ಗುಣಗಳು 11 ಅಂಗಗಳ ಮತ್ತು 14 ಪೂರ್ವಗಳ ಜ್ಞಾನವೇ. ಅಂದರೆ ಬೋಧಕನ ಯೋಗ್ಯತೆಯನ್ನು ಅವನ ಅಧ್ಯಯನದಿಂದಲೇ ಎಣಿಸಲಾಗಿದೆ. ಇಂತಹ ಪರಂಪರೆಯ ಜನರು ನಡೆಸುವ ಶಾಲೆಯಲ್ಲಿ ಕೈಪಿಡಿಯನ್ನು ಗುರುವಾರ ಕೊಟ್ಟು ಶುಕ್ರವಾರ ಪಾಠ ಮಾಡಿರೆನ್ನುವುದು ಸಲ್ಲದು.

ಇನ್ನು ಲೌಕಿಕ ನಿದರ್ಶನಗಳು. ಶಾಲೆ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಶಿಸ್ತು ಮತ್ತು ನಾಯಕತ್ವವನ್ನು ಬೆಳೆಸಲು ಈ ದೇಶ ಕಟ್ಟಿದ ದೊಡ್ಡ ವ್ಯವಸ್ಥೆಗಳಲ್ಲೊಂದು ಎನ್‌ಸಿಸಿ. 1946ರಲ್ಲಿ ನೇಮಕಗೊಂಡ ಹೃದಯನಾಥ ಕುಂಜ್ರು ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ, 1948ರ ಕಾಯಿದೆಯ ಮೂಲಕ ಅದು ಹುಟ್ಟಿತು. ಅದರಲ್ಲಿ ವಿದ್ಯಾರ್ಥಿಗಳ ಹೊಣೆ ಹೊರುವ ಸಹಾಯಕ ಅಧಿಕಾರಿ ಸೈನಿಕನಲ್ಲ. ಅದೇ ಶಾಲೆಯ ಅಥವಾ ಕಾಲೇಜಿನ ಅಧ್ಯಾಪಕ. ಆದರೆ ಅಧಿಕಾರ ಪತ್ರ ಕೈಗೆ ಬರುವ ಮುನ್ನ ಅವರು ನಾಗಪುರದ ಬಳಿಯ ಕಾಂಪ್ಟಿಯಲ್ಲಿ ಅಥವಾ ಗ್ವಾಲಿಯರ್‌ನಲ್ಲಿ ವಾರಗಟ್ಟಲೆ ತಂಗಿ ತರಬೇತಿ ಮುಗಿಸಬೇಕು. ಮುಂದೆ ಪುನಶ್ಚೇತನ ಶಿಬಿರಗಳೂ ಉಂಟು. ಅಷ್ಟು ದಿನ ಶಿಕ್ಷಕರನ್ನು ಕಳುಹಿಸಿಕೊಡುವುದು ಶಾಲೆಯ ಪಾಲಿನ ಹೊಣೆ. ವೆಚ್ಚವನ್ನು ಸರ್ಕಾರ ಹೊರುತ್ತದೆ.

ಸ್ಕೌಟ್ ಚಳವಳಿಯ ಕ್ರಮವೂ ಇಂಥದೇ. ಬೇಡನ್ ಪೊವೆಲ್ 1919ರಲ್ಲಿ ಲಂಡನ್ ಸಮೀಪದ ಗಿಲ್‌ವೆಲ್ ಪಾರ್ಕ್‌ನಲ್ಲಿ ಸ್ಕೌಟ್ ಶಿಕ್ಷಕರಿಗಾಗಿಯೇ ಶಿಬಿರವನ್ನು ಆರಂಭಿಸಿದರು. 1950ರಲ್ಲಿ ರೂಪುಗೊಂಡ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆ ಪದ್ಧತಿಯನ್ನು ಮುಂದುವರಿಸಿತು: ಮೂಲ ತರಬೇತಿ, ಆ ಮೇಲೆ ಮುಂದುವರಿದ ತರಬೇತಿ, ಕೊನೆಗೆ ಹಿಮಾಲಯ ವುಡ್ ಬ್ಯಾಡ್ಜ್. ಈ ಹಂತಗಳ ನಡುವೆ ಶಿಕ್ಷಕ ಮಕ್ಕಳೊಡನೆ ಕೆಲಸ ಮಾಡಿರಬೇಕು. ಕಲಿಕೆ, ಪ್ರಯೋಗ, ಮತ್ತೆ ಕಲಿಕೆ ಎಂಬ ಈ ಸರಣಿಯನ್ನು ಒಂದು ದಿನದ ಕಾರ್ಯಾಗಾರ ಕೊಡಲಾರದು.

ಕುಂಭೋಜದ ಜೈನ ರೈತ ಕುಟುಂಬದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವೂರಾವ್ ಪಾಟೀಲರ ಹೆಸರು ಪುಣೆ, ಸಾಂಗ್ಲಿ, ಕೊಲ್ಹಾಪುರಗಳ ಕನ್ನಡ ಮನೆಗಳಿಗೆ ಚಿರಪರಿಚಿತ. 1919ರಲ್ಲಿ ಅವರು ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರಾದ ಅವರ ವಿದ್ಯಾರ್ಥಿ ನಿಲಯದಲ್ಲಿ ಎಲ್ಲ ಜಾತಿಯ ಹುಡುಗರು ಒಟ್ಟಿಗೆ ವಾಸಿಸಿ, ಒಟ್ಟಿಗೆ ಉಂಡು, ದುಡಿದು ಓದಿದರು. ಚಾರಿತ್ರ್ಯ ನಿರ್ಮಾಣವೆಂದರೆ ಏನೆಂಬುದಕ್ಕೆ ಅದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ. ಗಮನಿಸಬೇಕಾದ ಸಂಗತಿ ಮುಂದಿನದು. ಹಳ್ಳಿಹಳ್ಳಿಗಳಲ್ಲಿ ನೂರಾರು ಪ್ರಾಥಮಿಕ ಶಾಲೆಗಳನ್ನು ತೆರೆಯುವ ಮೊದಲು, 1935ರಲ್ಲಿ, ಅವರು ಸಾತಾರಾದಲ್ಲಿ ಗ್ರಾಮೀಣ ಶಿಕ್ಷಕರ ತರಬೇತಿ ಕಾಲೇಜನ್ನು ತೆರೆದರು. ಶಾಲೆಗೆ ಮುನ್ನ ಶಿಕ್ಷಕ ಎಂಬ ಅನುಕ್ರಮವನ್ನು ಹಣದ ಬಡತನವಿದ್ದ ಸಂಸ್ಥೆಯೊಂದು ಪಾಲಿಸಿತು.

ಈಚಿನ ದೊಡ್ಡ ಪ್ರಯೋಗ ದೆಹಲಿಯದು. 2018ರ ಜುಲೈ 2ರಂದು ದಲೈ ಲಾಮಾ ಅವರ ಸಮ್ಮುಖದಲ್ಲಿ ದೆಹಲಿ ಸರ್ಕಾರ ತನ್ನ ಶಾಲೆಗಳಿಗಾಗಿ ಸಂತೋಷ ಪಠ್ಯಕ್ರಮವನ್ನು ಪ್ರಕಟಿಸಿತು. ನರ್ಸರಿಯಿಂದ 8ನೇ ತರಗತಿಯವರೆಗಿನ ಮಕ್ಕಳಿಗೆ ಮನಸ್ಸನ್ನು ನಿಲ್ಲಿಸುವ ಅಭ್ಯಾಸ, ಕಥೆ, ಚಟುವಟಿಕೆ, ಪರೀಕ್ಷೆಯಿಲ್ಲ, ಅಂಕವಿಲ್ಲ. ಅದರ ಚಿಂತನೆಗೆ ಪ್ರೇರಣೆಯಾದವರು ಹಾಸನ ಜಿಲ್ಲೆಯ ಅಗ್ರಹಾರದಲ್ಲಿ ಹುಟ್ಟಿ ಅಮರಕಂಟಕದಲ್ಲಿ ನೆಲೆಸಿದ್ದ ಎ. ನಾಗರಾಜರು ಎಂಬುದು ಕನ್ನಡಿಗರಲ್ಲಿ ಹಲವರಿಗೆ ತಿಳಿಯದು. 2021ರಲ್ಲಿ ದೇಶಭಕ್ತಿ ಪಠ್ಯಕ್ರಮವೂ ಬಂದಿತು. ಈ ಕಾರ್ಯಕ್ರಮಗಳ ಹೆಸರುಗಳ ಮೇಲೆ ರಾಜಕೀಯ ಪಕ್ಷಗಳು ಬೇಕಾದಷ್ಟು ವಾದ ಮಾಡಿದವು. ಮಕ್ಕಳ ಮುಂದೆ ಕುಳಿತು ಅವರ ಮಾತಿಗೆ ಕಿವಿಗೊಡುವ ಕಲೆಯನ್ನು ಶಿಕ್ಷಕರಿಗೆ ಎಷ್ಟು ದಿನ, ಯಾರು, ಹೇಗೆ ಕಲಿಸಬೇಕೆಂಬ ಪ್ರಶ್ನೆ ಆ ವಾದದಲ್ಲಿ ಮೇಲೆ ಬರಲಿಲ್ಲ. ಸರ್ಕಾರಗಳು ಬದಲಾದಾಗ ಪಠ್ಯಕ್ರಮದ ಹೆಸರು ಬದಲಾಗಬಹುದು. ಕೇಳಿಸಿಕೊಳ್ಳಲು ಕಲಿತ ಶಿಕ್ಷಕರು ಅದೇ ಶಾಲೆಯಲ್ಲಿ ಉಳಿಯುತ್ತಾರೆ. ತರಬೇತಿಗೆ ಹಾಕಿದ ಹಣ ಕೈಬಿಡದು ಎನ್ನಲು ಇದೂ ಒಂದು ಕಾರಣ.

ಆಕ್ಷೇಪಗಳಿಗೂ ಉತ್ತರ ಕೊಡಬೇಕು. ಮೊದಲನೆಯದು: ತರಬೇತಿಯಿಂದ ನಿಜವಾಗಿ ಪ್ರಯೋಜನವಿದೆಯೇ? ಪ್ರಾಮಾಣಿಕ ಉತ್ತರ ಎರಡು ಬದಿಯದು. ಅಮೆರಿಕದ ಶಿಕ್ಷಣ ಇಲಾಖೆಯ ಸಂಶೋಧನಾ ಸಂಸ್ಥೆ 2010ರಲ್ಲಿ 84 ಶಾಲೆಗಳಲ್ಲಿ 7 ಚಾರಿತ್ರ್ಯ ಕಾರ್ಯಕ್ರಮಗಳನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿತು. ಒಟ್ಟಾರೆ ನೋಡಿದರೆ ಮಕ್ಕಳ ನಡತೆಯಲ್ಲಾಗಲಿ ಕಲಿಕೆಯಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಮರುವರ್ಷ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು 213 ಕಾರ್ಯಕ್ರಮಗಳ, 2,70,034 ವಿದ್ಯಾರ್ಥಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ತರಗತಿಯ ಶಿಕ್ಷಕರೇ ಇಂತಹ ಕಾರ್ಯಕ್ರಮವನ್ನು ಯಶಸ್ವಿಯಾಗಿ ನಡೆಸಬಲ್ಲರು, ಆದರೆ ಅನುಷ್ಠಾನದಲ್ಲಿ ಕೊರತೆಯಾದಾಗ ಫಲ ಕುಗ್ಗುತ್ತದೆ ಎಂದು ಅವರು ಕಂಡರು. ಎರಡನ್ನೂ ಸೇರಿಸಿ ಓದಿದರೆ ತಿಳಿಯುವುದಿಷ್ಟು: ಪುಸ್ತಕ ಕೊಂಡ ಮಾತ್ರಕ್ಕೆ ಫಲವಿಲ್ಲ, ಹೆಸರಿಗೆ ಮಾಡಿದ ತರಬೇತಿಗೂ ಫಲವಿಲ್ಲ. ಇಂತಹ ತರಬೇತಿಯಿಂದ ಉತ್ತಮ ಫಲವನ್ನು ಖಚಿತವಾಗಿ ವಾಗ್ದಾನ ಮಾಡಲಾಗದು. ತರಬೇತಿಯೇ ಇಲ್ಲದೆ ನಿರೀಕ್ಷಿಸಲು ಮಾತ್ರ ಯಾವ ಆಧಾರವೂ ಇಲ್ಲ.

ಎರಡನೆಯ ಆಕ್ಷೇಪ ಶಿಕ್ಷಕರದು, ಮತ್ತು ಅದು ನ್ಯಾಯವಾದದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆಯಲ್ಲಿ ಪಾಲ್ಗೊಳ್ಳಬೇಕೆಂದು ಹೇಳಿದೆ. 2019ರಲ್ಲಿ ಸುಮಾರು 42 ಲಕ್ಷ ಪ್ರಾಥಮಿಕ ಹಂತದ ಶಿಕ್ಷಕರನ್ನು ಗುರಿಯಾಗಿಸಿ ನಿಷ್ಠಾ ಎಂಬ ತರಬೇತಿಯೂ ಆರಂಭವಾಯಿತು. ಅದರ ಮೇಲೆ ಚುನಾವಣೆ, ಜನಗಣತಿ, ಪರೀಕ್ಷಾ ಕೆಲಸ. ಇನ್ನೊಂದು ತರಬೇತಿಯನ್ನು ಭಾನುವಾರಕ್ಕೆ ತಳ್ಳಿದರೆ ಶಿಕ್ಷಕರು ಗೊಣಗುವುದು ಸಹಜ. ಹೀಗಾಗಿ ತರಬೇತಿ ಕೆಲಸದ ದಿನಗಳಲ್ಲಿ, ಸಂಬಳ ಸಹಿತ, ಬದಲಿ ಶಿಕ್ಷಕರ ವ್ಯವಸ್ಥೆಯೊಡನೆ ನಡೆಯಬೇಕು. ಅದನ್ನು ಆ 50 ಗಂಟೆಗಳ ಲೆಕ್ಕಕ್ಕೂ ಸೇರಿಸಬೇಕು.

ಮೂರನೆಯದು ಆಡಳಿತ ಮಂಡಳಿಗಳದು: ಖರ್ಚು. ಇದಕ್ಕೆ ಉತ್ತರ ಲೆಕ್ಕದ ಪುಸ್ತಕದಲ್ಲೇ ಇದೆ. ಕಾರ್ಯಕ್ರಮಕ್ಕೆಂದು ಶುಲ್ಕ ವಸೂಲಿಯಾಗುವಲ್ಲಿ ಆ ಹಣದ ಪ್ರತ್ಯೇಕ ಲೆಕ್ಕ ಇರಬೇಕು. ಅದರಲ್ಲಿ ಪುಸ್ತಕ ಮತ್ತು ಪ್ರಚಾರಕ್ಕೆ ಎಷ್ಟು ಹೋಯಿತು, ಶಿಕ್ಷಕರ ತರಬೇತಿಗೆ ಎಷ್ಟು ಹೋಯಿತು ಎಂಬ ಎರಡು ಮೊತ್ತಗಳನ್ನು ವಾರ್ಷಿಕ ಸಭೆಯಲ್ಲಿ ಅಕ್ಕಪಕ್ಕ ಇಡಬೇಕು. ಎರಡನೆಯ ಮೊತ್ತ ಸೊನ್ನೆಯಾಗಿದ್ದರೆ ಮುಂದಿನ ಚರ್ಚೆ ತಾನಾಗಿ ಆರಂಭವಾಗುತ್ತದೆ.

ಜೈನರು ನಡೆಸುವ ಶಾಲೆಗಳಿಗೆ ಇಲ್ಲಿ ವಿಶೇಷ ಹೊಣೆಯಿದೆ. 2014ರ ಜನವರಿಯಲ್ಲಿ ಜೈನ ಸಮುದಾಯವನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿತು. ಅದೇ ವರ್ಷದ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. ಆ ತೀರ್ಪನ್ನು ದೊಡ್ಡ ಪೀಠ ಮರಳಿ ನೋಡಬೇಕೇ ಎಂಬ ಪ್ರಶ್ನೆ 2025ರಲ್ಲಿ ಎದ್ದಿದೆ. ಅದರ ಗತಿ ಏನೇ ಆಗಲಿ, ಕಾಯಿದೆಯ ಒತ್ತಾಯ ಸಡಿಲವಿರುವಲ್ಲಿ ಸಮಾಜದ ಸ್ವಂತ ನಿಯಮ ಬಿಗಿಯಾಗಿರಬೇಕು. ಆಡಳಿತದ ಸ್ವಾತಂತ್ರ್ಯವನ್ನು ಕೇಳಿ ಪಡೆದವರು ಶಿಕ್ಷಕರ ಸಿದ್ಧತೆಯಲ್ಲಿ ಇತರರಿಗಿಂತ ಹಿಂದೆ ಉಳಿದರೆ ಆ ಸ್ವಾತಂತ್ರ್ಯಕ್ಕೆ ಸಮರ್ಥನೆ ದೊರೆಯುವುದಿಲ್ಲ.

ಒಂದು ಎಚ್ಚರಿಕೆಯೂ ಬೇಕು. ಸಂವಿಧಾನದ 28ನೇ ವಿಧಿಯ ಪ್ರಕಾರ, ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಯಲ್ಲಿ ಪಾಲ್ಗೊಳ್ಳುವಂತೆ ಮಾಡಲಾಗದು. ಚಾರಿತ್ರ್ಯ ಶಿಕ್ಷಣದ ಹೆಸರಿನಲ್ಲಿ ಒಂದು ಮತವನ್ನೋ ಒಂದು ಪಕ್ಷವನ್ನೋ ತರಗತಿಯೊಳಗೆ ತರುವುದು ಮಕ್ಕಳಿಗೂ ಮತಕ್ಕೂ ಹಿತವಲ್ಲ. ಈ ಗೆರೆ ಎಲ್ಲಿದೆ ಎಂಬುದನ್ನು ತಿಳಿಸಿಕೊಡುವುದೂ ತರಬೇತಿಯ ಒಂದು ಭಾಗವಾಗಬೇಕು.

ಹಾಗಾದರೆ ಕಡ್ಡಾಯ ತರಬೇತಿಯಲ್ಲಿ ಏನಿರಬೇಕು? ಮಾತು ಕೇಳಿಸಿಕೊಳ್ಳುವ, ಚರ್ಚೆ ನಡೆಸುವ ಅಭ್ಯಾಸ. ಮಗು ನೋವಿನ ಸಂಗತಿ ಹೇಳಿದಾಗ ಯಾರಿಗೆ ತಿಳಿಸಬೇಕು, ಏನನ್ನು ಗೋಪ್ಯವಾಗಿಡಬೇಕು ಎಂಬ ಸ್ಪಷ್ಟ ಕ್ರಮ. ನಾಯಕತ್ವದ ಸರದಿ ಎಲ್ಲ ಮಕ್ಕಳಿಗೂ ಬರುವಂತೆ ಮಾಡುವ ವಿಧಾನ. ಮೊದಲ ಶಿಬಿರವಾದ ಮೇಲೆ ವರ್ಷದಲ್ಲಿ ಕೆಲವು ಬಾರಿ ಅನುಭವಿಗಳು ತರಗತಿಗೆ ಬಂದು ಕುಳಿತು ನೋಡಿ ಸಲಹೆ ಕೊಡಬೇಕು. ಈ ಭೇಟಿ ಸಂಬಳದ ಬಡ್ತಿಗೆ ಸೇರುವ ತಪಾಸಣೆಯಾಗಬಾರದು. ಮಕ್ಕಳ ಪ್ರಾಮಾಣಿಕತೆಗೆ ಶ್ರೇಣಿ ಕೊಡುವ ಪದ್ಧತಿ ಇರಕೂಡದು. ಅಂಕಕ್ಕಾಗಿ ತೋರಿಸುವ ಸದ್ಗುಣ ಕಪಟವನ್ನೇ ಕಲಿಸುತ್ತದೆ. ಮುಖ್ಯವಾಗಿ, ಅದೇ ಶಿಬಿರದಲ್ಲಿ ಮುಖ್ಯೋಪಾಧ್ಯಾಯರೂ ಆಡಳಿತ ಮಂಡಳಿಯ ಇಬ್ಬರಾದರೂ ಕುಳಿತಿರಬೇಕು. ಶಿಕ್ಷಕರನ್ನು ಮಕ್ಕಳ ಎದುರಿಗೇ ಗದರಿಸುವ ಆಡಳಿತವಿರುವ ಶಾಲೆಯಲ್ಲಿ ಗೌರವದ ಪಾಠವನ್ನು ಯಾವ ಶಿಕ್ಷಕರೂ ಮಾಡಲಾರರು.

ಬರುವ ಜೂನ್ ತಿಂಗಳಲ್ಲಿ ಶಾಲೆಗಳು ತೆರೆದಾಗ ಪೋಷಕರ ಸಭೆಗಳು ನಡೆಯುತ್ತವೆ. ತಾಯಿತಂದೆಯರು ಅಲ್ಲಿ ಮೂರು ಪ್ರಶ್ನೆಗಳನ್ನು ವಿನಯದಿಂದ, ಬರಹದಲ್ಲಿ ಕೇಳಬೇಕೆಂಬುದು ಈ ಉಪನ್ಯಾಸದ ಕೋರಿಕೆ. ಈ ಅವಧಿಯನ್ನು ನಡೆಸುವ ಶಿಕ್ಷಕರಿಗೆ ಎಷ್ಟು ದಿನಗಳ ತರಬೇತಿ ದೊರೆತಿದೆ? ಅದು ಅವರ ಕೆಲಸದ ವೇಳೆಯಲ್ಲಿ ನಡೆಯಿತೇ? ಅದರ ಖರ್ಚನ್ನು ಯಾರು ಭರಿಸಿದರು? ಸಭೆಯಲ್ಲಿರುವ ಆಡಳಿತ ಮಂಡಳಿಗಳ ಸದಸ್ಯರು ಪ್ರಶ್ನೆ ಬರುವವರೆಗೆ ಕಾಯದೆ, ಉತ್ತರಗಳನ್ನು ಶಾಲೆಯ ಸೂಚನಾ ಫಲಕದಲ್ಲಿ ಮೊದಲೇ ಹಾಕಿದರೆ ಇನ್ನೂ ಒಳ್ಳೆಯದು. ಮೂರಕ್ಕೂ ಸರಿಯಾದ ಉತ್ತರ ಇಲ್ಲದಿದ್ದಲ್ಲಿ, ಒಂದು ವರ್ಷ ಮಕ್ಕಳ ಕಾರ್ಯಕ್ರಮವನ್ನು ತಡೆಹಿಡಿದು ಶಿಕ್ಷಕರನ್ನು ಸಿದ್ಧಗೊಳಿಸುವುದರಿಂದ ಯಾರಿಗೂ ನಷ್ಟವಿಲ್ಲ.