ಬೇಲಿಗೆ ಕತ್ತರಿ, ಮರಕ್ಕೆ ನೆರಳು

ಶಾಲೆಯ ಅಂಗಳದಲ್ಲಾಗಲಿ, ಮನೆಯ ಮುಂದಾಗಲಿ ಚೆಂದದ ಕೈತೋಟ ಮಾಡಬೇಕೆನ್ನುವ ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯವರು ಒಂದು ಮಾತು ನೆನಪಿಡಬೇಕು: ಬೇಲಿಯ ಗಿಡವನ್ನು ಸವರುವ ರೀತಿ ಬೇರೆ, ಮರವನ್ನು ಸವರುವ ರೀತಿ ಬೇರೆ.

ಮೊದಲು ಬೇಲಿ. ನಮ್ಮ ಬಿಸಿಲಿಗೆ ಮದರಂಗಿ ಚೆನ್ನಾಗಿ ತಾಳುತ್ತದೆ; ನೀರಿದ್ದರೆ ದಾಸವಾಳವೂ ಆದೀತು. ಎರೆ ಮಣ್ಣು ಮಳೆಯಲ್ಲಿ ನೀರು ಹಿಡಿದು ನಿಲ್ಲುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿಯುತ್ತದೆ. ಆದ್ದರಿಂದ ಕಾಲುವೆ ತೋಡಿ, ಮಸಾರಿ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಮಿರಗದ ಮಳೆ ಬಿದ್ದ ಮೇಲೆ ಅಡಿಗೊಂದರಂತೆ ಸಸಿ ನೆಡಿ.

ಸಸಿ ಬೇರೂರಿ ಚಿಗುರಿದ ಕೂಡಲೇ ಕುಡಿ ಚಿವುಟಿ. ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕ ಕೆಳಗಿನ ಮೊಗ್ಗುಗಳನ್ನು ಅದುಮಿಡುತ್ತದೆ. ಕುಡಿ ಹೋದರೆ ಅವು ಒಡೆದು ಪಕ್ಕದ ರೆಂಬೆಗಳಾಗುತ್ತವೆ. ಬೇಗ ಎತ್ತರವಾಗಲೆಂದು ಕುಡಿ ಮುಟ್ಟದೆ ಬಿಟ್ಟವರ ಬೇಲಿ ಬುಡದಲ್ಲಿ ಬರಿದಾಗುತ್ತದೆ. ಮುಂದೆ ಎರಡು ಗೂಟಕ್ಕೆ ದಾರ ಕಟ್ಟಿ, ಅದರ ನೇರಕ್ಕೆ ಕತ್ತರಿಸಿ. ಬುಡ ಅಗಲ, ತಲೆ ಕಿರಿದು ಇರಲಿ. ಆಗ ಕೆಳಗಿನ ಎಲೆಗೂ ಬೆಳಕು ಸಿಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಆಳವಾಗಿ ಕತ್ತರಿಸಬೇಡಿ; ಒಳಗಿನ ಎಳೆಯ ಎಲೆ ಸುಟ್ಟುಹೋಗುತ್ತದೆ.

ಇನ್ನು ಮರ. ಬೇವು, ಹೊಂಗೆಯ ತಲೆಯನ್ನೇ ಹಾರಿಸಿ ಗುಂಡಗೆ ಮಾಡುವುದು ಅಲಂಕಾರವಲ್ಲ, ಗಾಯ. ಆ ಗಾಯದಿಂದ ಕಾಂಡ ಕೊಳೆಯುತ್ತದೆ. ಅಲ್ಲಿ ಒತ್ತಾಗಿ ಒಡೆಯುವ ಚಿಗುರಿಗೆ ಗಟ್ಟಿ ಹಿಡಿತವಿಲ್ಲ, ಗಾಳಿಗೆ ಮುರಿದು ಬೀಳುತ್ತದೆ. ಮರಕ್ಕೆ ಆಕಾರ ಕೊಡುವ ಕಾಲ ಅದರ ಎಳೆತನ. ಆಗಲೇ ಒಂದು ನೇರ ಕಾಂಡ ಉಳಿಸಿ, ಒಂದಕ್ಕೊಂದು ತಿಕ್ಕುವ ರೆಂಬೆಗಳನ್ನು ತೆಗೆಯಿರಿ. ದಪ್ಪ ಕೊಂಬೆಯಾದರೆ ಮೊದಲು ಅಡಿಯಿಂದ ಅರ್ಧ ಕೊಯ್ದು, ಸ್ವಲ್ಪ ಆಚೆ ಮೇಲಿನಿಂದ ಕತ್ತರಿಸಿ ಭಾರ ಇಳಿಸಿ. ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ, ಅದರ ಹೊರಗೇ ತೆಗೆಯಿರಿ. ಗಾಯ ಮುಚ್ಚುವ ಶಕ್ತಿ ಆ ಉಬ್ಬಿನಲ್ಲಿದೆ.

ಮರ ಇರುವುದು ನೆರಳಿಗೆ ಎಂಬುದಕ್ಕೆ ಹಳೆಯ ಸಾಕ್ಷಿಯೂ ಇದೆ. 1915ರಲ್ಲಿ ಗಣಿ ಇಂಜಿನಿಯರ್ ಬೀಡನ್ ಕಂಡ ಮಸ್ಕಿಯ ಶಾಸನದಿಂದ, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೆಂದು ಖಚಿತವಾಯಿತು. ಅದೇ ಅರಸ, ದನಕರುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಗುಂಟ ಆಲದ ಮರ ನೆಡಿಸಿದ್ದನ್ನು ದೆಹಲಿ–ತೋಪ್ರಾ ಸ್ತಂಭದಲ್ಲಿ ಬರೆಸಿದ್ದಾನೆ. ಮರವನ್ನು ನೆರಳಿನಿಂದ ಅಳೆಯುವ ಅದೇ ಅಳತೆ ನಮ್ಮ ಸೀಮೆಯ ತೋಟಕ್ಕೂ ಸಲ್ಲುತ್ತದೆ. ಅಂದವೆಲ್ಲ ಬೇಲಿಯಲ್ಲಿ ತೋರಲಿ, ಮರ ತನ್ನ ಹರವಿಗೆ ಹರಡಲಿ. ಮಳೆಗಾಲದಲ್ಲಿ ಮರದ ಸಸಿ ಹಾಕುವಾಗಲೇ ಅದಕ್ಕೆ ಬೇಕಾದಷ್ಟು ಜಾಗ ಬಿಡಿ.