ಗೋದಲಿಗೆ ರಾಗಿಹುಲ್ಲೇ ಸಾಕು



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯಲ್ಲಿ ಕ್ರಿಸ್‌ಮಸ್ ಬರುವುದು ರಾಗಿ ಕೊಯ್ಲಿನ ಬೆನ್ನಿಗೇ. ಹೊಸ ಹುಲ್ಲಿನ ಮೆದೆ ಏಳುವ ಕಾಲದಲ್ಲಿ ಗೋದಲಿಗೆಂದು ಪೇಟೆಯಿಂದ ಥರ್ಮೋಕೋಲ್ ತರುವುದು ವಿಚಿತ್ರವೇ ಸರಿ. ಅಲಂಕಾರದ ಥರ್ಮೋಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಅದು ಮಣ್ಣಿನಲ್ಲಿ ಕೊಳೆಯದು. ಪುಡಿಪುಡಿಯಾಗಿ ಮಳೆನೀರಿನೊಡನೆ ಕೆರೆ ಸೇರುತ್ತದೆ. ಜೀವನದಿಯಿಲ್ಲದ ಈ ನಾಡಿಗೆ ಕೆರೆಯೇ ಆಸರೆ. ರಾಗಿಹುಲ್ಲಾದರೋ ಹಬ್ಬದ ಮರುದಿನ ಹಸುವಿನ ಬಾಯಿಗೆ, ಅಲ್ಲಿಂದ ಸಗಣಿಯಾಗಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. (ಬಣ್ಣ, ಮಿನುಗುಪುಡಿಗಳನ್ನು ಮಾತ್ರ ಅದರ ಮೇಲೆ ಎರಚಬಾರದು.)

ಕ್ರಿಸ್‌ಮಸ್ ಮರಕ್ಕಾಗಿ ಸರ್ವೆಯ ಎಳೆಗಿಡವನ್ನೇ ಕಡಿಯಬೇಕಿಲ್ಲ, ಒಂದು ಕೊಂಬೆ ಸಾಕು. ಕಚೇರಿಯಲ್ಲಿ ಪ್ರತಿವರ್ಷವೂ ಅದೇ ಕುಂಡದ ಗಿಡಕ್ಕೆ ಕಾಗದದ ನಕ್ಷತ್ರ ಕಟ್ಟಬಹುದು. ಊಟಕ್ಕೆ ಮುತ್ತುಗದೆಲೆಯಿದ್ದರೆ ಅದೂ ತಿಪ್ಪೆಗೇ ಹೋದೀತು.